ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥನೆ: ಗ್ರಾಮ ಪಂಚಾಯಿತಿಯಿಂದ ಆರಂಭಿಸುವ ಕ್ರಮ

ಚರ್ಚಿನ ಭಾನುವಾರದ ಆರಾಧನೆಯಲ್ಲಿ, ಇತರರಿಗಾಗಿ ದೇವರನ್ನು ಬೇಡುವ ಮಧ್ಯಸ್ಥಿಕೆ ಪ್ರಾರ್ಥನೆಯ ಸರದಿ ಬಂದವರು ರಾಷ್ಟ್ರಪತಿ, ಪ್ರಧಾನಮಂತ್ರಿ, ಮುಖ್ಯಮಂತ್ರಿ, ಸಕಲ ಅಧಿಕಾರಿಗಳು ಎಂದು ಒಂದೇ ಉಸಿರಿಗೆ ಹೇಳಿ, ‘ಎಲ್ಲರನ್ನೂ ಆಶೀರ್ವದಿಸು’ ಎಂದು ಮುಗಿಸಿ, ಕಾಯಿಲೆಯವರ ಪಟ್ಟಿಗೆ ಹೊರಳುವುದನ್ನು ನಾವೆಲ್ಲ ಕೇಳಿದ್ದೇವೆ. ಕಾಯಿಲೆಯವರ ವಿಷಯಕ್ಕೆ ಬಂದೊಡನೆ ಅದೇ ದನಿ ನಿಧಾನವಾಗುತ್ತದೆ. ಯಾರ ಮೊಣಕಾಲು, ಯಾವ ಆಸ್ಪತ್ರೆ, ಯಾವ ದಿನ ಆಪರೇಷನ್ ಎಂಬುದೆಲ್ಲ ಪ್ರಾರ್ಥನೆಯೊಳಗೆ ಬರುತ್ತದೆ. ಕಾಯಿಲೆಯವರನ್ನು ನಾವು ಬಲ್ಲೆವು. ಅಧಿಕಾರದಲ್ಲಿರುವವರು ಮಾತ್ರ ಪತ್ರಿಕೆಯ ಚಿತ್ರಗಳಾಗಿ, ಫ್ಲೆಕ್ಸಿನ ಮೇಲಿನ ಮುಖಗಳಾಗಿ ಉಳಿದುಬಿಟ್ಟಿದ್ದಾರೆ. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ ಈ ಸರದಿಯನ್ನು ಹಲವು ವರ್ಷ ನಿರ್ವಹಿಸಿ, ಬಹುಪಾಲು ಮೇಲೆ ಹೇಳಿದ ರೀತಿಯಲ್ಲೇ ನಿರ್ವಹಿಸಿ, ಕೊನೆಗೆ ನಾನು ಕಂಡುಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಹತ್ತಿರದ ಅಧಿಕಾರಿಯಿಂದ ಆರಂಭಿಸಬೇಕು. ಅವರ ಮೇಜಿನ ಮೇಲೆ ಈಗ ಇರುವ ಕೆಲಸವನ್ನು ಹೆಸರಿಸಬೇಕು. ನಮಗೆ ಆಗಬೇಕಾದ ಉಪಕಾರಕ್ಕಿಂತ ಮೊದಲು ಎಲ್ಲರಿಗೂ ಸಿಗಬೇಕಾದ ನ್ಯಾಯವನ್ನು ಬೇಡಬೇಕು.

ವಾಕ್ಯದ ಆಧಾರ

ಅಪೊಸ್ತಲನಾದ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 2ನೆಯ ಅಧ್ಯಾಯದ ಆರಂಭದ ವಚನಗಳು ಈ ಪ್ರಾರ್ಥನೆಗೆ ಮೂಲ. ಮನುಷ್ಯರೆಲ್ಲರಿಗೋಸ್ಕರ, ವಿಶೇಷವಾಗಿ ಅರಸರಿಗೂ ಅಧಿಕಾರಿಗಳಿಗೂ ಆಗಿ ಪ್ರಾರ್ಥಿಸಬೇಕೆಂದು ಹೇಳುವಾಗ ಅವನು ಒಂದಲ್ಲ, ನಾಲ್ಕು ಪದಗಳನ್ನು ಬಳಸುತ್ತಾನೆ. ನಮ್ಮ ಹಳೆಯ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲಿನಲ್ಲಿ, ಅವು ವಿಜ್ಞಾಪನೆ, ಪ್ರಾರ್ಥನೆ, ಮನವಿ, ಕೃತಜ್ಞತಾಸ್ತುತಿ ಎಂದು ಬಂದಿವೆ. ಮೂರನೆಯ ಪದದ ಮೇಲೆ ಸ್ವಲ್ಪ ನಿಲ್ಲುವುದು ಒಳ್ಳೆಯದು. ಮೂಲ ಗ್ರೀಕಿನಲ್ಲಿ ಅದು, ಪ್ರಜೆಯೊಬ್ಬನು ಅರಸನಿಗೆ ಬರೆದುಕೊಳ್ಳುವ ಅರ್ಜಿಗೆ ಸಲ್ಲುತ್ತಿದ್ದ ಮಾತು; ನಾವು ತಾಲ್ಲೂಕು ಕಚೇರಿಯ ಮುಂದೆ ನಿಂತು ಕೊಡುವ ‘ಮನವಿ ಪತ್ರ’ಕ್ಕೂ ಈ ಪದಕ್ಕೂ ನೇರ ನಂಟಿದೆ. ಅಧಿಕಾರಿಗೆ ಕೊಡುವ ಅರ್ಜಿಯನ್ನು, ಆ ಅಧಿಕಾರಿಯ ವಿಷಯವಾಗಿಯೇ, ಅವನಿಗಿಂತ ಮೇಲಿನವನಿಗೆ ಸಲ್ಲಿಸುವುದು ಎಂದರೆ ಈ ಪದದ ರುಚಿ ತಿಳಿಯುತ್ತದೆ. ಅರ್ಜಿಯಲ್ಲಿ ‘ಎಲ್ಲವನ್ನೂ ಸರಿಮಾಡಿಕೊಡಿ’ ಎಂದು ಯಾರೂ ಬರೆಯುವುದಿಲ್ಲ. ಸರ್ವೆ ನಂಬರು, ಊರು, ವಿಷಯ, ಆಗಬೇಕಾದ ಕೆಲಸ ಇವನ್ನು ಬರೆಯುತ್ತಾರೆ.

ಈ ಮಾತು ಬರೆಯಲ್ಪಟ್ಟ ಕಾಲವನ್ನೂ ನೆನಪಿಡಬೇಕು. ಪರಂಪರೆಯ ಎಣಿಕೆಯಂತೆ ಅದು ಕ್ರಿ.ಶ. 54ರಿಂದ 68ರವರೆಗೆ ರೋಮನ್ನು ಆಳಿದ ನೀರೋನ ಕಾಲ. ಕ್ರೈಸ್ತರು ಮತ ಹಾಕಿ ಆರಿಸಿದವನಲ್ಲ, ಅವರಿಗೆ ಉಪಕಾರಿಯೂ ಅಲ್ಲ. ಹಾಗಿದ್ದೂ ಆ ಬಗೆಯ ಪ್ರಾರ್ಥನೆ ನಿಲ್ಲಲಿಲ್ಲ. ಮೊದಲನೆಯ ಶತಮಾನದ ಕೊನೆಗೆ ರೋಮಿನ ಸಭೆಯ ಹಿರಿಯನಾದ ಕ್ಲೆಮೆಂಟನು ಕೊರಿಂಥದ ಸಭೆಗೆ ಬರೆದ ಪತ್ರದ ಕೊನೆಯ ಭಾಗದಲ್ಲಿ ಆಳುವವರ ಆರೋಗ್ಯ, ಸಮಾಧಾನ, ಒಮ್ಮತ, ಸ್ಥಿರತೆಗಳಿಗಾಗಿ ದೀರ್ಘವಾದ ಪ್ರಾರ್ಥನೆಯೇ ಇದೆ. ಸುಮಾರು 197ರಲ್ಲಿ ಕಾರ್ತೇಜಿನ ಕ್ರೈಸ್ತ ಲೇಖಕ ತೆರ್ತುಲ್ಯನು, ಚಕ್ರವರ್ತಿಯ ವಿಗ್ರಹದ ಮುಂದೆ ಧೂಪ ಹಾಕಲು ಒಪ್ಪದ ಕ್ರೈಸ್ತರ ಪರವಾಗಿ ವಾದಿಸುತ್ತಾ, ಅವನಿಗಾಗಿ ನಾವು ದೀರ್ಘಾಯುಷ್ಯವನ್ನೂ ನಿರ್ಭಯವಾದ ಆಳ್ವಿಕೆಯನ್ನೂ ನಂಬಿಗಸ್ತ ಮಂತ್ರಾಲೋಚನೆಯ ಸಭೆಯನ್ನೂ ಶಾಂತವಾದ ಲೋಕವನ್ನೂ ಬೇಡುತ್ತೇವೆ ಎಂದು ವಿವರಿಸುತ್ತಾನೆ. ಧೂಪವನ್ನು ನಿರಾಕರಿಸಿದ ಜನವೇ ಪ್ರಾರ್ಥನೆಯನ್ನು ಅರ್ಪಿಸಿದ್ದು. ಅಧಿಕಾರಿಗಾಗಿ ಪ್ರಾರ್ಥಿಸುವುದಕ್ಕೂ ಅಧಿಕಾರಿಯನ್ನು ಪೂಜಿಸುವುದಕ್ಕೂ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಕಲಿಯಲಾಗದು.

ಮಲೆನಾಡಿನವರಿಗೆ ಇನ್ನೊಂದು ವಚನ ಹೆಚ್ಚು ಹತ್ತಿರವೆಂದು ನನಗೆ ಅನ್ನಿಸುತ್ತದೆ. ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರದಲ್ಲಿ, ಮನೆಗಳನ್ನು ಕಟ್ಟಿರಿ, ತೋಟಗಳನ್ನು ಮಾಡಿ ಅದರ ಫಲವನ್ನು ಉಣ್ಣಿರಿ ಎಂದು ಹೇಳಿದ ಮೇಲೆ, ನೀವಿರುವ ಪಟ್ಟಣದ ಕ್ಷೇಮವನ್ನು ಹಾರೈಸಿ ಅದಕ್ಕಾಗಿ ದೇವರನ್ನು ಪ್ರಾರ್ಥಿಸಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂಬ ಮಾತು ಬರುತ್ತದೆ. ನಮ್ಮ ಶಿವಮೊಗ್ಗ ಜಿಲ್ಲೆಯ ಕ್ರೈಸ್ತರಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಮನೆತನಗಳಿವೆ, ಕೇರಳದಿಂದ ಬಂದು ನೆಲೆಸಿದವರಿದ್ದಾರೆ, ಕಾರ್ಖಾನೆಯ ಕೆಲಸಕ್ಕೆಂದು ಭದ್ರಾವತಿಗೆ ಬಂದ ತಮಿಳು ಕುಟುಂಬಗಳಿವೆ, ತಲೆತಲಾಂತರದಿಂದ ಇಲ್ಲಿಯವರೇ ಆದ ಕನ್ನಡಿಗರಿದ್ದಾರೆ. ಮನೆ ಕಟ್ಟಿ ತೋಟ ಮಾಡುವುದರಲ್ಲಿ ನಮ್ಮ ಹಿರಿಯರು ಯೆರೆಮೀಯನ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸುವ ಭಾಗದಲ್ಲಿ ಸ್ವಲ್ಪ ಬಾಕಿ ಉಳಿದಿದೆ.

ಒಂದು ನೋಟುಪುಸ್ತಕ

ಮೊದಲು ಬೇಕಾಗುವುದು ಒಂದು ಸಾಧಾರಣ ನೋಟುಪುಸ್ತಕ. ಅದರಲ್ಲಿ ನಿಮ್ಮ ಮನೆಯ ಬಾಗಿಲಿನಿಂದ ಹೊರಟು, ನಿಮ್ಮ ಬದುಕಿನ ಮೇಲೆ ಅಧಿಕಾರವುಳ್ಳವರನ್ನು ಹತ್ತಿರದಿಂದ ದೂರಕ್ಕೆ ಬರೆಯುತ್ತಾ ಹೋಗಿರಿ. ನಿಮ್ಮ ವಾರ್ಡಿನ ಪಂಚಾಯಿತಿ ಸದಸ್ಯರು, ಅಧ್ಯಕ್ಷರು, ಪಿ.ಡಿ.ಒ. (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಗ್ರಾಮ ಆಡಳಿತಾಧಿಕಾರಿ. ಆಮೇಲೆ ಅರಣ್ಯ ಇಲಾಖೆಯ ಬೀಟಿನವರು, ಠಾಣೆಯ ಸಬ್ ಇನ್‌ಸ್ಪೆಕ್ಟರು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಶಾಲೆಯ ಮುಖ್ಯೋಪಾಧ್ಯಾಯರು. ಅವರ ಮೇಲೆ ತಹಶೀಲ್ದಾರರು, ತಾಲ್ಲೂಕಿನ ನ್ಯಾಯಾಲಯದ ನ್ಯಾಯಾಧೀಶರು, ಶಾಸಕರು. ಆಮೇಲೆ ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಸಂಸದರು. ಕೊನೆಯಲ್ಲಿ ಬೆಂಗಳೂರು ಮತ್ತು ದೆಹಲಿ. ಹೆಸರು ಗೊತ್ತಿಲ್ಲದಿದ್ದರೆ ಹುದ್ದೆಯನ್ನು ಬರೆದು ಜಾಗ ಖಾಲಿ ಬಿಡಿರಿ. ನನ್ನ ಪುಸ್ತಕದಲ್ಲಿ ಮೊದಲ ದಿನ ದೆಹಲಿ, ಬೆಂಗಳೂರಿನ ಹೆಸರುಗಳೆಲ್ಲ ತುಂಬಿದ್ದವು, ನಮ್ಮ ಪಂಚಾಯಿತಿಯ ಸಾಲುಗಳಲ್ಲಿ ಅರ್ಧ ಖಾಲಿಯಿದ್ದವು. ನಾಚಿಕೆಯಾಯಿತು. ಆ ಖಾಲಿ ಜಾಗಗಳನ್ನು ತುಂಬಲು ಪಂಚಾಯಿತಿ ಕಚೇರಿಯ ಗೋಡೆಯ ಮೇಲಿನ ಫಲಕವನ್ನು ನಿಂತು ಓದಬೇಕಾಯಿತು. ಆ ಫಲಕದ ಮುಂದೆ ನಾನು ಅದೆಷ್ಟು ಸಲ ಸರದಿಯಲ್ಲಿ ನಿಂತಿದ್ದೆನೋ, ಒಮ್ಮೆಯೂ ಓದಿರಲಿಲ್ಲ.

ದಿನಕ್ಕೆ ಎಲ್ಲರನ್ನೂ ಹೆಸರಿಸಲು ಹೊರಟರೆ ವಾರದೊಳಗೆ ಬೇಸರ ಬರುತ್ತದೆ. ದಿನಕ್ಕೆ ಇಬ್ಬರು ಸಾಕು. ಒಬ್ಬರು ಹತ್ತಿರದವರು, ಒಬ್ಬರು ದೂರದವರು.

ಇಲ್ಲಿ ನೆಹೆಮೀಯನ ಮಾದರಿಯನ್ನು ಗಮನಿಸಬೇಕು. ಪಾರಸಿಯ ಅರಸ ಅರ್ತಷಸ್ತನ ಪಾನಸೇವಕನಾಗಿದ್ದ ಅವನು ಯೆರೂಸಲೇಮಿನ ಗೋಡೆ ಕೆಡವಲ್ಪಟ್ಟ ಸುದ್ದಿಯನ್ನು ಕಿಸ್ಲೇವ್ ಮಾಸದಲ್ಲಿ ಕೇಳಿದ. ಅರಸನ ಮುಂದೆ ಬಾಯಿಬಿಟ್ಟದ್ದು ನೀಸಾನ್ ಮಾಸದಲ್ಲಿ. ನಡುವಿನ ಸುಮಾರು ನಾಲ್ಕು ತಿಂಗಳು ಉಪವಾಸ ಮತ್ತು ಪ್ರಾರ್ಥನೆ. ಅರಸನು ‘ನಿನಗೇನು ಬೇಕು’ ಎಂದು ಕೇಳಿದ ಕ್ಷಣದಲ್ಲಿಯೂ ಒಳಗೊಳಗೇ ಒಂದು ಪ್ರಾರ್ಥನೆ ಮಾಡಿ, ಆಮೇಲೆ ಉತ್ತರ ಕೊಟ್ಟ. ಆ ಉತ್ತರ ಎಷ್ಟು ಖಚಿತವಾಗಿತ್ತೆಂದರೆ, ಹೋಗಿಬರುವ ಅವಧಿ, ದಾರಿಯ ಅಧಿಪತಿಗಳಿಗೆ ಪತ್ರಗಳು, ಮರಮುಟ್ಟು ಕೊಡುವಂತೆ ಅರಸನ ವನಪಾಲಕನಾದ ಆಸಾಫನಿಗೆ ಒಂದು ಪತ್ರ ಎಲ್ಲವೂ ಅದರಲ್ಲಿದ್ದವು. ಮನೆ ರಿಪೇರಿಗೆ ತನ್ನದೇ ಜಾಗದ ಒಂದು ಮರ ಕಡಿಯಲು ಅನುಮತಿಗಾಗಿ ಅರಣ್ಯ ಇಲಾಖೆಯ ಕಚೇರಿಗೆ ನಡೆದ ಮಲೆನಾಡಿಗನಿಗೆ ಆಸಾಫನು ಯಾರೆಂದು ವಿವರಿಸಿ ಹೇಳುವ ಅಗತ್ಯವಿಲ್ಲ. ನೆಹೆಮೀಯನ ಪ್ರಾರ್ಥನೆಯಲ್ಲಿ ಅರಸನೂ ಇದ್ದ, ಪಟ್ಟಿಯಲ್ಲಿ ವನಪಾಲಕನೂ ಇದ್ದ.

ಏನನ್ನು ಬೇಡಬೇಕು

‘ಆಶೀರ್ವದಿಸು’ ಎಂಬ ಪದವನ್ನು ಕೆಲವು ತಿಂಗಳು ಬದಿಗಿಟ್ಟು ನೋಡಿರಿ. ಆ ಪದ ತಪ್ಪಲ್ಲ. ಆದರೆ ಅದು ಸಿಕ್ಕಿದೊಡನೆ ಯೋಚನೆ ನಿಂತುಹೋಗುತ್ತದೆ. ಅದರ ಬದಲಿಗೆ ಬೈಬಲಿನ 72ನೆಯ ಕೀರ್ತನೆಯನ್ನು ತೆರೆದು ಮುಂದಿಟ್ಟುಕೊಳ್ಳಿರಿ. ಅರಸನಿಗಾಗಿ ಇರುವ ಆ ಪ್ರಾರ್ಥನೆಯ ಮೊದಲ ಬೇಡಿಕೆ ನ್ಯಾಯ: ಅವನು ದೀನರಿಗೆ ನ್ಯಾಯ ತೀರಿಸಲಿ, ಬಡವರ ಮಕ್ಕಳನ್ನು ಕಾಪಾಡಲಿ, ಹಿಂಸಕನನ್ನು ಮುರಿಯಲಿ. ಸೈನ್ಯ, ಐಶ್ವರ್ಯ, ಕೀರ್ತಿ ಇವು ಆಮೇಲಿನ ಮಾತು. 6ನೆಯ ವಚನದಲ್ಲಿ, ಹುಲ್ಲು ಕೊಯ್ದ ನೆಲದ ಮೇಲೆ ಸುರಿಯುವ ಮಳೆಯಂತೆ ಅರಸನು ಇರಲಿ ಎಂಬ ಹೋಲಿಕೆಯಿದೆ. ಬ್ಯಾಣದ, ಅಂದರೆ ಹುಲ್ಲುಗಾವಲಿನ, ಹುಲ್ಲು ಕೊಯ್ದ ಮೇಲೆ ಮಳೆ ಬಿದ್ದು ನಾಲ್ಕೇ ದಿನಕ್ಕೆ ಹಸಿರು ಚಿಗುರುವುದನ್ನು ಕಂಡವರಿಗೆ ಈ ಸಾಲನ್ನು ಬೋಧಿಸಬೇಕಾಗಿಲ್ಲ. ಆದರೆ ಆಗುಂಬೆಯ ಮಳೆಯನ್ನು ನೋಡಿದವರಿಗೆ ಇನ್ನೊಂದೂ ಗೊತ್ತು. ಮಳೆ ನೆಲವನ್ನು ಕೊಚ್ಚಿಕೊಂಡೂ ಹೋಗಬಲ್ಲದು. ಆದುದರಿಂದ ಅಧಿಕಾರವು ಕೊಯ್ದ ಹುಲ್ಲಿನ ಮೇಲಿನ ಮಳೆಯಾಗಲಿ ಎಂದು ಬೇಡುವುದು ಬಹಳ ಖಚಿತವಾದ ಬೇಡಿಕೆ.

ಎರಡನೆಯದು, ಅರಸನಾದ ಸೊಲೊಮೋನನು ಗಿಬ್ಯೋನಿನಲ್ಲಿ ಬೇಡಿಕೊಂಡ ವಿವೇಕದ ಹೃದಯ, ಅಂದರೆ ಕೇಳಿಸಿಕೊಳ್ಳುವ ಹೃದಯ. ದಿನಕ್ಕೆ ನೂರಾರು ಜನರ ಅಹವಾಲು ಕೇಳುವ ಅಧಿಕಾರಿಗೆ ನೂರನೆಯವರ ಮಾತನ್ನೂ ಮೊದಲನೆಯವರ ಮಾತಿನಂತೆ ಕೇಳುವ ತಾಳ್ಮೆ ಸಿಗಲಿ ಎಂದು ಬೇಡುವುದಕ್ಕೆ ನಮಗೆ ಆ ಅಧಿಕಾರಿಯ ಪರಿಚಯವೂ ಬೇಕಿಲ್ಲ. ಸುಳ್ಳು ಹೇಳುವ ಹತ್ತಿರದವರಿಂದ ಕಾಪಾಡು, ಲಂಚದ ಎದುರು ಗಟ್ಟಿಯಾಗಿ ನಿಲ್ಲಿಸು, ಮನೆಯಲ್ಲಿ ಸಮಾಧಾನ ಕೊಡು, ನಿದ್ರೆ ಕೊಡು. ನಿದ್ರೆಯ ವಿಷಯವನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಚುನಾವಣೆಯ ಹಿಂದಿನ ರಾತ್ರಿ ಮತಯಂತ್ರಗಳ ಪೆಟ್ಟಿಗೆ ಹಿಡಿದು ಕಾಡಿನಂಚಿನ ಮತಗಟ್ಟೆಯ ಬೆಂಚಿನ ಮೇಲೆ ಮಲಗುವ ಶಿಕ್ಷಕರನ್ನೂ ಪೊಲೀಸ್ ಪೇದೆಯನ್ನೂ ನೆನೆಸಿಕೊಂಡರೆ ಅದು ತಿಳಿಯುತ್ತದೆ.

ಮೂರನೆಯದು, ಋತುವಿಗೆ ತಕ್ಕ ಕೆಲಸ. ಮಲೆನಾಡಿನಲ್ಲಿ ಅಧಿಕಾರಿಗಳ ಕೆಲಸವೂ ಬೇಸಾಯದಂತೆ ಹಂಗಾಮು ನೋಡಿಕೊಂಡು ಬದಲಾಗುತ್ತದೆ. ಆಷಾಢದ ಮಳೆಯಲ್ಲಿ ಗುಡ್ಡ ಕುಸಿತ, ಹಳ್ಳ ದಾಟುವ ಕಾಲುಸಂಕ, ಶಾಲೆಗೆ ರಜೆ ಕೊಡುವುದೋ ಬೇಡವೋ ಎಂಬ ಬೆಳಗಿನ ಜಾವದ ತೀರ್ಮಾನ ಇವೆಲ್ಲ ಜಿಲ್ಲಾಧಿಕಾರಿ ಮತ್ತು ತಹಶೀಲ್ದಾರರ ಹೆಗಲ ಮೇಲಿರುತ್ತವೆ. ಮುರಿದ ಮರದ ಕೆಳಗೆ ವಿದ್ಯುತ್ ಕಂಪನಿ ಮೆಸ್ಕಾಂನ ಲೈನ್‌ಮನ್ ನಿಂತಿರುತ್ತಾನೆ. ಅವನು ಅಧಿಕಾರಿಯಲ್ಲ, ಆದರೂ ನಮ್ಮ ಸಭೆಯಲ್ಲಿ ಅವನಿಗಾಗಿ ಪ್ರಾರ್ಥಿಸುವ ರೂಢಿ ಬಂದುಬಿಟ್ಟಿದೆ, ಅದನ್ನು ತಪ್ಪಿಸಲು ನಾನು ಹೋಗಿಲ್ಲ. ಮಳೆ ನಿಂತು ಚಳಿ ಹಿಡಿಯುವಾಗ ಮಂಗನ ಕಾಯಿಲೆಯ ಕಾಲ ಬರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ, ಆ ಕಾಡಿನ ಹೆಸರನ್ನೇ ಜಗತ್ತಿನ ವೈದ್ಯಗ್ರಂಥಗಳಿಗೆ ಕೊಟ್ಟ ಈ ಜ್ವರದ ವಿಷಯದಲ್ಲಿ, ಸತ್ತ ಮಂಗದ ಸುದ್ದಿ ಬಂದ ದಿನವೇ ಕ್ರಮ ಕೈಗೊಳ್ಳುವ ಆರೋಗ್ಯಾಧಿಕಾರಿಯೂ ಮನೆಮನೆಗೆ, ಈ ಜ್ವರ ಹರಡುವ ಉಣ್ಣೆ ಹುಳುವಿನ ಎಚ್ಚರಿಕೆ ಹೇಳುವ ಆಶಾ ಕಾರ್ಯಕರ್ತೆಯೂ ಜೀವ ಉಳಿಸುತ್ತಾರೆ. ಬೇಸಿಗೆಯಲ್ಲಿ ಕಾಡಿನ ಬೆಂಕಿ, ಕುಡಿಯುವ ನೀರು. ಅಡಿಕೆಗೆ ಎಲೆಚುಕ್ಕಿ ರೋಗ ಬಿದ್ದಾಗ ತೋಟಗಾರಿಕೆ ಇಲಾಖೆ. ಹೀಗೆ ತಿಂಗಳು ನೋಡಿ ಪ್ರಾರ್ಥಿಸಿದರೆ ಒಂದೇ ಮಾತನ್ನು ವರ್ಷವಿಡೀ ಪುನರುಚ್ಚರಿಸುವ ಪ್ರಮೇಯವೇ ಬರುವುದಿಲ್ಲ.

ದೂರದ ಅಧಿಕಾರಿಗಳ ಪ್ರಾರ್ಥನೆಯೂ ಹೀಗೆ ನೆಲಕ್ಕೆ ಇಳಿಯುತ್ತದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ಶರಾವತಿಯಲ್ಲಿ ಮನೆಮಠ ಮುಳುಗಿಸಿಕೊಂಡವರ ಭೂಹಕ್ಕಿನ ಪ್ರಶ್ನೆ ಆರು ದಶಕ ದಾಟಿದರೂ ಬೆಂಗಳೂರು ಮತ್ತು ದೆಹಲಿಯ ನಡುವೆ ಓಡಾಡುತ್ತಲೇ ಇದೆ. ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಭವಿಷ್ಯ ದೆಹಲಿಯ ತೀರ್ಮಾನದ ಮೇಲೆ ನಿಂತಿದೆ. ‘ಕೇಂದ್ರ ಸರ್ಕಾರದವರಿಗೆ ಜ್ಞಾನ ಕೊಡು’ ಎನ್ನುವ ಬದಲು, ಈ ಎರಡು ಕಡತಗಳ ಮುಂದೆ ಕುಳಿತ ಸಚಿವರಿಗೂ ಅಧಿಕಾರಿಗಳಿಗೂ ಆ ಜನರ ಮುಖ ಕಾಣುವಂತೆ ಮಾಡು ಎಂದು ಬೇಡಬಹುದು. ಜ್ಞಾನೋಕ್ತಿ 21ರ ಮೊದಲ ವಚನವು ಅರಸನ ಹೃದಯ ಯೆಹೋವನ ಕೈಯಲ್ಲಿ ನೀರಿನ ಕಾಲುವೆಗಳಂತೆ ಇದೆ, ಬೇಕಾದ ಕಡೆಗೆ ಆತನು ತಿರುಗಿಸುತ್ತಾನೆ ಎನ್ನುತ್ತದೆ. ಭದ್ರಾ ನಾಲೆಯ ತೂಬು ಯಾವ ಕಡೆ ತೆರೆಯಿತು ಎಂಬುದರ ಮೇಲೆ ವರ್ಷದ ಊಟ ನಿಂತಿರುವ ಜಿಲ್ಲೆಯಲ್ಲಿ ಈ ಉಪಮೆ ಬರಿಯ ಉಪಮೆಯಾಗಿ ಉಳಿಯುವುದಿಲ್ಲ.

ಕೃತಜ್ಞತಾಸ್ತುತಿಯನ್ನು ಮರೆಯಬಾರದು. ಪೌಲನ ನಾಲ್ಕು ಪದಗಳಲ್ಲಿ ನಾವು ಅತಿ ಹೆಚ್ಚು ಬಿಡುವುದು ಇದನ್ನೇ. ಆದ ಕೆಲಸಕ್ಕೆ ಸ್ತೋತ್ರ ಹೇಳಿದರೆ ಯಾವುದೋ ಪಕ್ಷವನ್ನು ಹೊಗಳಿದಂತಾಗುತ್ತದೆ ಎಂಬ ಸಂಕೋಚ ಇದಕ್ಕೆ ಕಾರಣವೆಂದು ತೋರುತ್ತದೆ. ಶರಾವತಿ ಹಿನ್ನೀರಿನ ಆಚೆ ದಶಕಗಟ್ಟಲೆ ಲಾಂಚನ್ನೇ ನಂಬಿದ್ದ ತುಮರಿ ಭಾಗದವರಿಗೆ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದಾಗ, ಅದಕ್ಕಾಗಿ ಹೋರಾಡಿದ ಜನ, ಯೋಜನೆ ಮಂಜೂರು ಮಾಡಿದವರು, ಕಂಬಗಳನ್ನು ನಿಲ್ಲಿಸಿದ ಎಂಜಿನಿಯರುಗಳು, ಕೂಲಿಯವರು ಎಲ್ಲರಿಗಾಗಿಯೂ ಒಟ್ಟಿಗೆ ಸ್ತೋತ್ರ ಹೇಳುವುದರಲ್ಲಿ ಯಾವ ಪಕ್ಷಪಾತವೂ ಇರಲಿಲ್ಲ.

ಮನಸ್ಸು ಒಪ್ಪದಿರುವಾಗ

ಈ ಕ್ರಮದ ಕಷ್ಟದ ಭಾಗ ಇದು. ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಲ್ಲಿ ನಮ್ಮ ಮನೆಯ ಜಾಗದ ಕಡತವೊಂದು ಒಂದು ವರ್ಷಕ್ಕೂ ಹೆಚ್ಚು ಕಾಲ ಕದಲದೆ ಕುಳಿತಿತ್ತು. ಏನು ನಿರೀಕ್ಷಿಸುತ್ತಿದ್ದಾರೆಂದು ಅಲ್ಲಿನವರ ಮೌನವೇ ಹೇಳುತ್ತಿತ್ತು. ಆ ದಿನಗಳಲ್ಲಿ ನೋಟುಪುಸ್ತಕದ ಆ ಸಾಲು ಬಂದಾಗ ನಾನು ಪುಟ ತಿರುವುತ್ತಿದ್ದೆ. ಆಮೇಲೆ ಒಂದು ದಿನ ಪುಟ ತಿರುವದೆ, ‘ಕರ್ತನೇ, ಈ ಮನುಷ್ಯನ ವಿಷಯವಾಗಿ ನನಗೆ ಏನೂ ಬೇಡಲು ಮನಸ್ಸಿಲ್ಲ’ ಎಂದಷ್ಟೇ ಹೇಳಿದೆ. ಅದು ಪ್ರಾರ್ಥನೆಯೇ ಎಂದು ಈಗ ನಂಬಿದ್ದೇನೆ. ಮರುವಾರ ಅವನ ಮಕ್ಕಳಿಗಾಗಿ ಬೇಡಲು ಆಯಿತು. ಕಡತ ಅದರಿಂದ ಕದಲಿತೆಂದು ನಾನು ಹೇಳಲಾರೆ. ಅದು ಲಿಖಿತ ಅರ್ಜಿ, ಜ್ಞಾಪನ ಪತ್ರ, ಮೇಲಧಿಕಾರಿಗೆ ದೂರು ಎಂಬ ದಾರಿಯಲ್ಲೇ ಕದಲಿತು. ಆದರೆ ಆ ದೂರನ್ನು ಬೈಗುಳವಿಲ್ಲದೆ ಬರೆಯಲು ಸಾಧ್ಯವಾಯಿತು.

ಅಂಥ ಸಮಯದಲ್ಲಿ 109ನೆಯ ಕೀರ್ತನೆಯ 8ನೆಯ ವಚನಕ್ಕೆ ಕೈಹಾಕುವ ಆಸೆಯಾಗುತ್ತದೆ: ಅವನ ದಿನಗಳು ಸ್ವಲ್ಪವಾಗಲಿ, ಅವನ ಉದ್ಯೋಗ ಇನ್ನೊಬ್ಬನಿಗಾಗಲಿ. ಬೇಡದ ಜನಪ್ರತಿನಿಧಿಯ ವಿಷಯದಲ್ಲಿ ಇದನ್ನು ನಗೆಮಾತಾಗಿ ಹೇಳುವವರೂ ಇದ್ದಾರೆ. ಹೇಳುವ ಮೊದಲು 9ನೆಯ ವಚನವನ್ನೂ ಓದಬೇಕು. ಅವನ ಮಕ್ಕಳು ದಿಕ್ಕಿಲ್ಲದವರಾಗಲಿ, ಹೆಂಡತಿ ವಿಧವೆಯಾಗಲಿ ಎಂದಿದೆ. ಯಾರಿಗೂ ಅದನ್ನು ಹಾರೈಸುವ ಅಧಿಕಾರ ನಮಗಿಲ್ಲ. ತನ್ನನ್ನು ಬದಿಗೆ ಸರಿಸಿ ಅರಸನನ್ನು ಕೇಳಿದ ಜನರಿಗಾಗಿ ಪ್ರಾರ್ಥಿಸುವುದನ್ನು ಬಿಟ್ಟರೆ ಅದು ಯೆಹೋವನಿಗೆ ವಿರೋಧವಾದ ಪಾಪವೆಂದು ಮುದುಕ ಪ್ರವಾದಿ ಸಮುವೇಲನು ಹೇಳಿದ ಮಾತು ಹಿಡಿದುಕೊಳ್ಳುವುದಕ್ಕೆ ಹೆಚ್ಚು ಯೋಗ್ಯವಾದದ್ದು.

ಹಾಗೆಂದು ಅನ್ಯಾಯವನ್ನು ಮೆತ್ತಗಿನ ಮಾತಿನಲ್ಲಿ ಮುಚ್ಚಬೇಕಾಗಿಲ್ಲ. ಅಪೊಸ್ತಲರ ಕೃತ್ಯಗಳು 4ರಲ್ಲಿ ಅಧಿಕಾರಿಗಳಿಂದ ಬೆದರಿಕೆಗೊಳಗಾಗಿ ಬಂದ ಸಭೆಯು ಹೆರೋದನನ್ನೂ ಪೊಂತ್ಯ ಪಿಲಾತನನ್ನೂ ಪ್ರಾರ್ಥನೆಯಲ್ಲೇ ಹೆಸರೆತ್ತಿ ಹೇಳಿತು, ‘ಅವರ ಬೆದರಿಕೆಗಳನ್ನು ನೋಡು’ ಎಂದಿತು, ತನಗೆ ಧೈರ್ಯ ಕೊಡೆಂದು ಬೇಡಿತು, ಶಾಪ ಹಾಕಲಿಲ್ಲ. ಈ ಮೂರನ್ನೂ ಅದೇ ಕ್ರಮದಲ್ಲಿ ಅನುಸರಿಸಬಹುದು. ಪ್ರವಾದಿ ಆಮೋಸನು ಅಳತೆಯನ್ನು ಕಿರಿದು ಮಾಡಿ ಬಡವರನ್ನು ವಂಚಿಸುವವರನ್ನು ಖಂಡಿಸಿದ. ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹದಲ್ಲಿಯೂ ಭತ್ತ ಅಳೆಯುವ ಕೊಳಗದ ಗಾತ್ರವೇ ಕಿಡಿಯಾಯಿತು. ಕೊಳಗದ ಮಾತು ದೇವರ ಮುಂದೆ ಆಡುವಂಥದ್ದಲ್ಲ ಎಂದು ಭಾವಿಸುವವರು ಪ್ರವಾದಿಗಳನ್ನು ಇನ್ನೊಮ್ಮೆ ಓದಬೇಕು.

ಸಭೆಯ ಮುಂದೆ ಗಟ್ಟಿಯಾಗಿ ಪ್ರಾರ್ಥಿಸುವಾಗ

ಒಂಟಿಯಾಗಿ ಮಾಡುವ ಪ್ರಾರ್ಥನೆಯಲ್ಲಿ ಹೇಳಬಹುದಾದದ್ದೆಲ್ಲವನ್ನೂ ಸಭೆಯ ಬಾಯಿಯಾಗಿ ಹೇಳಲಾಗದು. ಅಲ್ಲಿ ಕುಳಿತವರೆಲ್ಲ ‘ಆಮೆನ್’ ಎನ್ನಬೇಕಾದ್ದರಿಂದ, ಎಲ್ಲರೂ ಮನಃಪೂರ್ವಕ ಆಮೆನ್ ಎನ್ನಬಹುದಾದ ಮಾತನ್ನೇ ಆಡಬೇಕು. ನಮ್ಮ ಜಿಲ್ಲೆ ನಾಡಿಗೆ ಕಡಿದಾಳ್ ಮಂಜಪ್ಪ, ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್, ಬಿ.ಎಸ್. ಯಡಿಯೂರಪ್ಪ ಎಂಬ ಮುಖ್ಯಮಂತ್ರಿಗಳನ್ನು ಕೊಟ್ಟಿದೆ. ಅವರ ಪಕ್ಷಗಳೂ ವಿಚಾರಗಳೂ ಒಂದೇ ಆಗಿರಲಿಲ್ಲ. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಅಣ್ಣತಮ್ಮಂದಿರು ಎರಡು ಪಕ್ಷದವರಾಗಿರುವುದು ಇಲ್ಲಿ ಮಾಮೂಲು. ಚುನಾವಣೆಯ ಮೊದಲು ‘ಒಳ್ಳೆಯವರನ್ನು ಗೆಲ್ಲಿಸು’ ಎನ್ನುವಾಗ ದನಿಯಲ್ಲೇ ಯಾರೆಂದು ಸೂಚಿಸುವ ಜಾಣತನವನ್ನು ದೇವರಲ್ಲದಿದ್ದರೂ ಪಕ್ಕದವರು ಗುರುತಿಸುತ್ತಾರೆ. ಇದು ಕಾನೂನಿನ ವಿಷಯವೂ ಹೌದು. 1951ರ ಜನಪ್ರತಿನಿಧಿ ಕಾಯ್ದೆಯು ಧರ್ಮದ ಹೆಸರಿನಲ್ಲಿ ಮತ ಯಾಚಿಸುವುದನ್ನು ಭ್ರಷ್ಟ ಆಚರಣೆಯೆಂದು ಎಣಿಸುತ್ತದೆ. 1988ರ ಇನ್ನೊಂದು ಕಾಯ್ದೆಯು ಯಾವ ಧರ್ಮದ ಆರಾಧನಾ ಸ್ಥಳವನ್ನೂ ರಾಜಕೀಯ ಚಟುವಟಿಕೆಗೆ ಬಳಸಬಾರದೆನ್ನುತ್ತದೆ. ಮತದಾನ ಶಾಂತವಾಗಿ ನಡೆಯಲಿ, ಹಣ ಹೆಂಡ ಹಂಚದಿರಲಿ, ಸೋತವರು ಸಮಾಧಾನದಿಂದ ಒಪ್ಪಿಕೊಳ್ಳಲಿ, ಗೆದ್ದವರು ತಮಗೆ ಮತ ಹಾಕದವರಿಗೂ ಪ್ರತಿನಿಧಿಯಾಗಲಿ. ಇದಕ್ಕೆ ಎಲ್ಲರೂ ಆಮೆನ್ ಎನ್ನಬಹುದು.

ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಶಾಸಕರೋ ಅಧಿಕಾರಿಯೋ ಬಂದು ಮುಂದಿನ ಸಾಲಿನಲ್ಲಿ ಕುಳಿತಾಗ ಎರಡು ಬಗೆಯ ತಪ್ಪುಗಳಾಗುತ್ತವೆ. ಒಂದು, ಪ್ರಾರ್ಥನೆ ಅಭಿನಂದನಾ ಭಾಷಣವಾಗುವುದು. ಇನ್ನೊಂದು, ಸ್ಮಶಾನದ ಜಾಗ, ಚರ್ಚಿನ ರಸ್ತೆ, ಬೋರ್‌ವೆಲ್ ಇವನ್ನು ದೇವರಿಗೆ ಹೇಳುವ ನೆಪದಲ್ಲಿ ಅವರ ಕಿವಿಗೆ ಹಾಕುವುದು. ಬೇಡಿಕೆಯನ್ನು ಕಾಗದದಲ್ಲಿ ಬರೆದು, ಕಾರ್ಯಕ್ರಮ ಮುಗಿದ ಮೇಲೆ ಕೈಗೆ ಕೊಡಿರಿ. ಬಂದವರು ಬೇರೆ ನಂಬಿಕೆಯವರಾಗಿದ್ದರೆ, ಅವರ ನಂಬಿಕೆಯನ್ನು ಕುರಿತು ಅಲ್ಲಿ ಏನನ್ನೂ ಹೇಳದೆ, ಅವರ ಕೆಲಸಕ್ಕಾಗಿಯೂ ಕುಟುಂಬಕ್ಕಾಗಿಯೂ ನಾಲ್ಕು ಮಾತು ಪ್ರಾರ್ಥಿಸುವುದು ಮರ್ಯಾದೆ.

ಉದ್ದವೂ ಬೇಡ. ಎರಡು ನಿಮಿಷ ಮೀರಿದರೆ ಜನ ದೇವರನ್ನು ಬಿಟ್ಟು ಗಡಿಯಾರವನ್ನು ನೋಡುತ್ತಾರೆ. ಕಥೋಲಿಕ ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಇದಕ್ಕೊಂದು ಸ್ಥಾನವೇ ನಿಗದಿಯಾಗಿದೆ: ಮೊದಲು ಧರ್ಮಸಭೆ, ಎರಡನೆಯದು ಆಳುವವರು ಮತ್ತು ಲೋಕದ ಕ್ಷೇಮ, ಆಮೇಲೆ ಕಷ್ಟದಲ್ಲಿರುವವರು, ಕೊನೆಗೆ ಸ್ಥಳೀಯ ಸಮುದಾಯ. ಶುಭ ಶುಕ್ರವಾರದ ಹತ್ತು ಮಹಾ ವಿಜ್ಞಾಪನೆಗಳಲ್ಲಿ ಒಂಬತ್ತನೆಯದು ಅಧಿಕಾರದಲ್ಲಿರುವವರಿಗೆ ಮೀಸಲು. ಅನ್ಯಾಯದ ತೀರ್ಪು ಕೊಟ್ಟ ಅಧಿಪತಿಯ ಕಥೆಯನ್ನು ಓದಿದ ಅದೇ ಆರಾಧನೆಯಲ್ಲಿ ಅಧಿಪತಿಗಳಿಗಾಗಿ ಮೊಣಕಾಲೂರುವುದು! ಬರೆದ ಪ್ರಾರ್ಥನೆಯ ರೂಢಿಯಿಲ್ಲದ ನಮ್ಮಂಥ ಸಭೆಗಳು ಈ ಶಿಸ್ತನ್ನು ಎರವಲು ಪಡೆದರೆ ನಷ್ಟವೇನೂ ಇಲ್ಲ.

ಹೊಸಬರು ಓದಿ ರೂಢಿಸಿಕೊಳ್ಳಲೆಂದು ಒಂದು ಮಾದರಿಯನ್ನು ಕೊಡುತ್ತೇನೆ. ಊರಿನ ಹೆಸರು, ಹಂಗಾಮು, ಹುದ್ದೆಗಳನ್ನು ನಿಮ್ಮದಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಿರಿ.

“ಸಕಲ ಅಧಿಕಾರಕ್ಕೂ ಒಡೆಯನಾದ ಕರ್ತನೇ, ಈ ಮಳೆಗಾಲದಲ್ಲಿ ನಮ್ಮ ಪಂಚಾಯಿತಿಯ ಸದಸ್ಯರನ್ನೂ ಅಧ್ಯಕ್ಷರನ್ನೂ ಪಿ.ಡಿ.ಒ. ಅವರನ್ನೂ ನಿನ್ನ ಮುಂದೆ ತರುತ್ತೇವೆ. ಕುಸಿಯುವ ಗೋಡೆಯ ಪಕ್ಕದಲ್ಲಿ ಮಲಗಿರುವವರ ಮನೆಯನ್ನು ಅವರು ಮೊದಲು ನೋಡುವಂತೆ ಮಾಡು. ನಮ್ಮ ತಹಶೀಲ್ದಾರರಿಗೆ ಕೇಳುವ ಕಿವಿಯನ್ನೂ ತಡಮಾಡದ ಕೈಯನ್ನೂ ಕೊಡು. ಕಾಡು ಕಾಯುವವರಿಗೂ ಕಾಡಿನಂಚಿನಲ್ಲಿ ಉಳುವವರಿಗೂ ನಡುವೆ ನ್ಯಾಯವಿರಲಿ. ಠಾಣೆಗೆ ಹೆದರುತ್ತಾ ಬಂದ ಹೆಣ್ಣುಮಗಳಿಗೆ ಅಲ್ಲಿ ಕುಳಿತುಕೊಳ್ಳಲು ಕುರ್ಚಿಯೂ ಹೇಳಿಕೊಳ್ಳಲು ಧೈರ್ಯವೂ ಸಿಗಲಿ. ನ್ಯಾಯಾಧೀಶರು ಮುಖ ನೋಡದೆ ತೀರ್ಪು ಕೊಡಲಿ. ಮುಖ್ಯಮಂತ್ರಿಗಳೂ ಪ್ರಧಾನಮಂತ್ರಿಗಳೂ ಕಾಗದದ ಮೇಲೆ ಸಹಿ ಮಾಡುವಾಗ, ಆ ಸಹಿ ಬಂದು ಮುಟ್ಟುವ ಕೊನೆಯ ಮನೆಯನ್ನು ಅವರ ನೆನಪಿಗೆ ತಾ. ನಾವು ಸುಳ್ಳು ದಾಖಲೆ ಕೊಡದಂತೆಯೂ ಲಂಚ ಕೊಟ್ಟು ಅವರನ್ನು ಕೆಡಿಸದಂತೆಯೂ ನಮ್ಮನ್ನು ಕಾಯಿ. ಯೇಸುವಿನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.”

ಕೊನೆಯ ಬೇಡಿಕೆಯನ್ನು ಬಿಡಬೇಡಿರಿ. ಕೊಡುವವರಿಲ್ಲದೆ ತೆಗೆದುಕೊಳ್ಳುವವರು ಹುಟ್ಟುವುದಿಲ್ಲ.

ದಿನಗಳು ಮತ್ತು ವರ್ಗಾವಣೆಗಳು

ವರ್ಷದಲ್ಲಿ ಕೆಲವು ದಿನಗಳು ಈ ಪ್ರಾರ್ಥನೆಗೆ ತಾವಾಗಿಯೇ ಒದಗಿಬರುತ್ತವೆ. ಆಗಸ್ಟ್ 15 ಸ್ವಾತಂತ್ರ್ಯ ದಿನವೂ ಹೌದು, ಕಥೋಲಿಕರಿಗೆ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬವೂ ಹೌದು. ನವೆಂಬರ್ 1 ರಾಜ್ಯೋತ್ಸವವೂ ಸಕಲ ಸಂತರ ಹಬ್ಬವೂ ಆಗಿದೆ. ಇವುಗಳಿಗಿಂತ ನನಗೆ ಇಷ್ಟವಾದದ್ದು ಜನವರಿ 26. ಗಣರಾಜ್ಯೋತ್ಸವದ ಆ ದಿನವೇ ಕಥೋಲಿಕ ಪಂಚಾಂಗದಲ್ಲಿ ತಿಮೊಥೆಯ ಮತ್ತು ತೀತರ ಸ್ಮರಣೆ. ಅಧಿಕಾರಿಗಳಿಗಾಗಿ ಪ್ರಾರ್ಥಿಸೆಂಬ ಪತ್ರವನ್ನು ಪಡೆದವನ ದಿನ ನಮ್ಮ ಸಂವಿಧಾನ ಜಾರಿಗೆ ಬಂದ ದಿನದ ಮೇಲೆಯೇ ಬಿದ್ದಿದೆ. ಬಾವುಟ ಏರಿಸಿದ ಮೇಲೆ ಲಡ್ಡು ಹಂಚುವ ಮೊದಲು ಆ ಅಧ್ಯಾಯದ ಮೊದಲ ನಾಲ್ಕು ವಚನಗಳನ್ನು ಓದಲು ಐದು ನಿಮಿಷ ಸಾಕು. ಗ್ರಾಮಸಭೆಯ ದಿನವನ್ನೂ ಪಟ್ಟಿಗೆ ಸೇರಿಸಿಕೊಳ್ಳಿರಿ. ಆ ದಿನ ಮಾತ್ರ ಪ್ರಾರ್ಥಿಸಿ ಮನೆಯಲ್ಲಿ ಕುಳಿತರೆ ಆಗದು, ಹೋಗಿ ಕೊನೆಯವರೆಗೆ ಕುಳಿತಿರಬೇಕು.

ಅಧಿಕಾರಿಗಳಿಗೆ ವರ್ಗಾವಣೆಯಾದಾಗ ನೋಟುಪುಸ್ತಕದಲ್ಲಿ ಹಳೆಯ ಹೆಸರನ್ನು ಹೊಡೆದುಹಾಕಬೇಡಿರಿ. ಅದರ ಪಕ್ಕದಲ್ಲಿ ಹೋದ ಊರಿನ ಹೆಸರನ್ನು ಬರೆದು, ಕೆಳಗಿನ ಸಾಲಿನಲ್ಲಿ ಹೊಸಬರ ಹೆಸರನ್ನು ಬರೆಯಿರಿ. ನನ್ನ ಪುಸ್ತಕದಲ್ಲಿ ಒಂದೇ ಹುದ್ದೆಯ ಎದುರು ಈಗ ಆರು ಹೆಸರುಗಳಿವೆ. ಅವರಲ್ಲಿ ಒಬ್ಬರು ಬೀದರಿನಲ್ಲಿದ್ದಾರೆ, ಒಬ್ಬರು ನಿವೃತ್ತರಾಗಿದ್ದಾರೆ, ಆ ಕಡತ ಹಿಡಿದು ಕುಳಿತಿದ್ದವರು ಎಲ್ಲಿದ್ದಾರೋ ತಿಳಿಯದೆ ಅವರ ಹೆಸರಿನ ಪಕ್ಕದ ಜಾಗ ಖಾಲಿಯಿದೆ. ಹೊಸದಾಗಿ ಬಂದವರ ಹೆಸರು ಗೊತ್ತಾಗಲು ಫಲಕ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಬಾಗಿಲಲ್ಲಿ ಕುಳಿತ ಜವಾನರನ್ನು ಕೇಳಿದರೆ ಹೇಳುತ್ತಾರೆ. ಅವರ ಹೆಸರನ್ನೂ ಬರೆದುಕೊಂಡು ಬನ್ನಿರಿ.